ಒಂದೇ ಪುಸ್ತಕ ಬರೆದರೆ ಅಂಕವೂ ಒಂದೇ

ಇತಿಹಾಸದ ಮೇಷ್ಟ್ರೊಬ್ಬರ ಹೆಸರನ್ನು ಗೂಗಲ್ ಸ್ಕಾಲರಿನಲ್ಲಿ (ಸಂಶೋಧನ ಬರಹಗಳನ್ನು ಹುಡುಕುವ ತಾಣ) ಹುಡುಕಿ, ಎಚ್-ಇಂಡೆಕ್ಸ್, ಅಂದರೆ ಬೇರೆಯವರ ಉಲ್ಲೇಖಗಳಿಂದ ಸಿಗುವ ಅಂಕ, ಕಡಿಮೆ ಎಂದು ಅವರನ್ನು ಬದಿಗೆ ಸರಿಸುವ ಅಭ್ಯಾಸ ನಮ್ಮ ಕಾಸರಗೋಡಿಗೂ ಬಂದಿದೆ. ಇದು ಅನ್ಯಾಯ. ಯಾಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಅಳತೆಯನ್ನು 2005ರಲ್ಲಿ ಸೂಚಿಸಿದವರು ಹಿರ್ಷ್ ಎಂಬ ಭೌತವಿಜ್ಞಾನಿ. ನಿಮ್ಮ ಹತ್ತು ಬರಹಗಳನ್ನು ತಲಾ ಹತ್ತು ಸಲವಾದರೂ ಬೇರೆಯವರು ಉಲ್ಲೇಖಿಸಿದ್ದರೆ ನಿಮ್ಮ ಅಂಕ ಹತ್ತು. ನಾಲ್ಕಾರು ಜನ ಸೇರಿ ಮೇಲಿಂದ ಮೇಲೆ ಪ್ರಬಂಧ ಬರೆಯುವ ವಿಜ್ಞಾನಿಗಳಿಗೆ ಇದು ಹೊಂದಬಹುದು. ಇತಿಹಾಸದ ಕೆಲಸ ಹಾಗಲ್ಲ. ಊರೂರು ಅಲೆಯಬೇಕು, ಶಾಸನದ ಪಡಿಯಚ್ಚು ತೆಗೆಯಬೇಕು, ಸವೆದ ಅಕ್ಷರ ಓದಬೇಕು. ಎಷ್ಟೋ ವರ್ಷದ ದುಡಿಮೆ ಒಂದು ದಪ್ಪ ಪುಸ್ತಕವಾಗುತ್ತದೆ. ಆ ಪುಸ್ತಕವನ್ನು ಸಾವಿರ ಜನ ಉಲ್ಲೇಖಿಸಿದರೂ, ಬರೆದದ್ದು ಅದೊಂದೇ ಆದರೆ, ಎಚ್-ಇಂಡೆಕ್ಸ್ ಒಂದೇ!

ಸಂಶೋಧನ ಪತ್ರಿಕೆಗಳಿಗೂ ಉಲ್ಲೇಖ ಎಣಿಸುವ ಇಂಥದೇ ಒಂದು ಅಳತೆ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್. ಅದು ಹಿಂದಿನ ಎರಡು ವರ್ಷಗಳ ಲೇಖನಗಳನ್ನಷ್ಟೇ ನೋಡುತ್ತದೆ. ಕೆ. ವಿ. ರಮೇಶ್ ಅವರ ದಕ್ಷಿಣ ಕನ್ನಡದ ಇತಿಹಾಸ ಬಂದದ್ದು 1970ರಲ್ಲಿ. ಪಿ. ಗುರುರಾಜ ಭಟ್ಟರ ತುಳುನಾಡಿನ ಗ್ರಂಥ 1975ರದ್ದು. ತುಳುನಾಡನ್ನು ಆಳಿದ ಆಳುಪರ ಬಗ್ಗೆ, ಇಲ್ಲಿಯ ದೇವಸ್ಥಾನಗಳ ಬಗ್ಗೆ ಬರೆಯುವವರು ಇವತ್ತಿಗೂ ಅವನ್ನು ಬಿಟ್ಟು ಮುಂದೆ ಹೋಗಲಾರರು. ಅವೆರಡೂ ಇಂಗ್ಲಿಷಿನಲ್ಲಿವೆ, ಹಾಗಾಗಿ ಅಷ್ಟಿಷ್ಟಾದರೂ ಲೆಕ್ಕಕ್ಕೆ ಸಿಗುತ್ತವೆ. ಕನ್ನಡದಲ್ಲಿ ಬರೆದವರ ಗತಿ ಏನು?

ಮಂಜೇಶ್ವರದ ಗೋವಿಂದ ಪೈಗಳನ್ನೇ ನೋಡಿ. ಅವರು ತೀರಿಕೊಂಡದ್ದು 1963ರಲ್ಲಿ. ಉಲ್ಲೇಖಗಳನ್ನು ಎಣಿಸಲು ಯುಜೀನ್ ಗಾರ್ಫೀಲ್ಡ್ ತಂದ ವಿಜ್ಞಾನ ಸೂಚಿ ಹೊರಬಂದದ್ದು 1964ರಲ್ಲಿ. ರಾಜರ, ಕವಿಗಳ ಕಾಲದ ಬಗ್ಗೆ ಪೈಗಳು ಹೇಳಿದ್ದನ್ನು ಒಪ್ಪಿ ಬರೆದವರಿದ್ದಾರೆ, ಅಲ್ಲಗಳೆದು ಬರೆದವರೂ ಇದ್ದಾರೆ. ಅಲ್ಲಗಳೆಯುವುದಕ್ಕೂ ಮೊದಲು ಓದಬೇಕು ಅಲ್ವಾ? ಈ ಚರ್ಚೆಯೆಲ್ಲ ಹಳೆಯ ಕನ್ನಡ ಪತ್ರಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಪಿಎಚ್‌ಡಿ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಇದೆ. ಯಂತ್ರ ಅಲ್ಲಿಗೆ ಹೋಗುವುದು ಕಡಿಮೆ. ಹೋದರೂ ಹೆಸರಿನಲ್ಲಿ ಎಡವುತ್ತದೆ. ಒಂದು ಕಡೆ ಇನಿಷಿಯಲ್ ಮೊದಲು, ಇನ್ನೊಂದು ಕಡೆ ಕೊನೆಗೆ, ಮತ್ತೊಂದು ಕಡೆ ಊರಿನ ಹೆಸರು. ಒಬ್ಬರೇ ಮೂವರಾಗಿಬಿಡುತ್ತಾರೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ನಮ್ಮ ಕಷ್ಟ ಇನ್ನೂ ಜಾಸ್ತಿ. ಇಲ್ಲಿ ಕನ್ನಡದಲ್ಲಿ ಇತಿಹಾಸ ಬರೆದರೆ ಕೇರಳದ ಹೆಚ್ಚಿನ ವಿದ್ವಾಂಸರಿಗೆ ಓದಲಾಗದು. ಕರ್ನಾಟಕದವರಿಗೆ ನಾವು ಹೊರನಾಡು. ಎರಡೂ ಕಡೆ ಓದುಗರು ಕಡಿಮೆಯಾದರೆ ಉಲ್ಲೇಖ ಎಲ್ಲಿಂದ ಬರಬೇಕು?

ಅಂಕವೇ ಬೇಡ ಎಂದು ನಾನು ಹೇಳುತ್ತಿಲ್ಲ. ಶಿಫಾರಸಿನ ಮೇಲೆಯೇ ಎಲ್ಲ ನಡೆಯುವ ಕಡೆ ಒಂದು ಲೆಕ್ಕ ಇರುವುದು ಒಳ್ಳೆಯದೇ. ಆದರೆ ಆಯ್ಕೆ ಸಮಿತಿಯವರು ಪುಸ್ತಕ ತೆರೆದು ಓದಲಿ. ಕನ್ನಡ ಬಾರದಿದ್ದರೆ ಬರುವವರನ್ನು ಕರೆಯಲಿ.

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ದೇವಸ್ಥಾನದ ಬ್ರಹ್ಮಕಲಶೋತ್ಸವ ಬಂತೆಂದರೆ ಊರೂರಲ್ಲಿ ಸ್ಮರಣ ಸಂಚಿಕೆ. ಅದರಲ್ಲಿ ಕ್ಷೇತ್ರದ ಇತಿಹಾಸ ಎಂದು ಒಂದು ಲೇಖನ ಇದ್ದೇ ಇರುತ್ತದೆ. ಎಷ್ಟೋ ಸಲ ಅದು ಯಾರೋ ಸಂಶೋಧಕರ ಪುಸ್ತಕದಿಂದ ಎತ್ತಿದ ಪ್ಯಾರಾ. ಶಾಸನ ಓದಿದವರ ಹೆಸರಿಲ್ಲ, ಪುಸ್ತಕದ ಹೆಸರಿಲ್ಲ. "ವಿದ್ವಾಂಸರ ಪ್ರಕಾರ" ಅಂತ ಸುಮ್ನೆ ಒಂದು ಮಾತು. ನಾವೇ ಹೆಸರು ಬರೆಯದಿದ್ದರೆ ಗೂಗಲ್ ಎಲ್ಲಿಂದ ಎಣಿಸಬೇಕು?

ಸಂಚಿಕೆಯ ಸಂಪಾದಕ ಮಂಡಳಿಯಲ್ಲಿ ಇರುವವರು ಇದನ್ನು ಓದುವವರಲ್ಲಿ ಬಹಳ ಜನ ಇದ್ದೀರಿ. ದಯವಿಟ್ಟು ಲೇಖಕರ ಬಳಿ ಪುಸ್ತಕದ ಹೆಸರು, ಇಸವಿ, ಪುಟ ಸಂಖ್ಯೆ ಕೇಳಿ ಪಡೆಯಿರಿ. ಕೊಡದಿದ್ದರೆ ಲೇಖನ ವಾಪಸ್ ಕಳಿಸಿ. ಅಚ್ಚಾದ ಮೇಲೆ ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಲೈಬ್ರರಿಗೆ ಕೊಡಿ, ಪಿಡಿಎಫ್ ಇದ್ದರೆ ಎಲ್ಲರಿಗೂ ಸಿಗುವ ಹಾಗೆ ಹಾಕಿ.