ಮೊದಲು ತೂತಿನ ಅಂಚು ತೋರಿಸಿ

ನಿನ್ನೆ ರಾತ್ರಿಯಿಂದ ಆರು ಜನ ನನಗೆ ಒಂದೇ ವಿಡಿಯೊ ಕಳಿಸಿದ್ದೀರಿ. ಅಮೆರಿಕದಲ್ಲಿ ಯಾರೋ ಒಬ್ಬರು ಕಾರಿನ ಗ್ಯಾರೇಜಿನಲ್ಲಿ ಬಿಡಿಭಾಗಗಳ ಕಿಟ್ ತರಿಸಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾರೆ. ಪೆಟ್ಟಿಗೆ ಬಿಚ್ಚಿದರು, ತಗಡು ತೆಗೆದರು, ಒಂದರ ಮೇಲೊಂದು ಇಟ್ಟರು, ಟರ್ ಅಂತ ರಿವೆಟ್ (ತಗಡುಗಳನ್ನು ಬಿಗಿದು ಹಿಡಿಯೋ ಲೋಹದ ಮೊಳೆ) ಹೊಡೆದರು. ತೊಂಬತ್ತು ಸೆಕೆಂಡಿನಲ್ಲಿ ಬಾಲದ ರೆಕ್ಕೆ ಸಿದ್ಧ. ಆರರಲ್ಲಿ ನಾಲ್ಕು ಜನ ಜೊತೆಗೆ ಬರೆದಿರೋದೂ ಒಂದೇ ಮಾತು: “ಜೋಡಿಸೋದಷ್ಟೇ ಅಲ್ವಾ?”

ಅಲ್ಲ. ಆ ವಿಡಿಯೊ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ತಗಡು ಹೊರಗೆ ತೆಗೆಯೋದಕ್ಕೂ ರಿವೆಟ್ ಹೊಡೆಯೋದಕ್ಕೂ ಮಧ್ಯೆ ಏನಿದೆಯೋ ಅದೇ ವಿಮಾನ ಕಟ್ಟೋ ಕೆಲಸ. ಅದನ್ನೇ ಕತ್ತರಿಸಿ ಬಿಸಾಕಿದ್ದಾರೆ. ರಿವೆಟ್ ಕೂರೋ ತೂತಿನ ಅಂಚನ್ನು ಒಂದು ಸಲವೂ ತೋರಿಸಿಲ್ಲ.

ಲೋಹದ ಕಿಟ್‌ಗಳಲ್ಲಿ ಹೆಚ್ಚು ಜನ ಕಟ್ಟಿರೋದು ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿ. 10,000ಕ್ಕೂ ಹೆಚ್ಚು ಆರ್‌ವಿಗಳು ಹೀಗೆ ಮನೆಗಳಲ್ಲಿ, ಶೆಡ್ಡುಗಳಲ್ಲಿ ಹುಟ್ಟಿ ಹಾರಿವೆ. ಮೈಯ ತಗಡು ಬಹುಪಾಲು 2024-ಟಿ3 ಅನ್ನೋ ಜಾತಿಯ ಅಲ್ಯೂಮಿನಿಯಂ, ದಪ್ಪ ಹಲವು ಕಡೆ 0.025 ಇಂಚು. ಎರಡು ಪೋಸ್ಟ್‌ಕಾರ್ಡ್ ಸೇರಿಸಿ ಹಿಡಿದರೆ ಸುಮಾರು ಅಷ್ಟೇ. ಆ ತಗಡನ್ನು ಒಳಗಿನ ಪಕ್ಕೆಲುಬುಗಳಿಗೆ ಹಿಡಿದಿಡೋದು ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್. ಡಬ್ಬಿಯ ಮೇಲೆ ‘ಎಎನ್426ಎಡಿ3-3.5’ ಅಂತ ಇರುತ್ತೆ. 426 ಅಂದರೆ ತಲೆ ಮೇಲ್ಮೈಗೆ ಸಮನಾಗಿ ಕೂರೋ ಜಾತಿ, 3 ಅಂದರೆ 3/32 ಇಂಚು ವ್ಯಾಸ, 3.5 ಅಂದರೆ ಒಂದು ಇಂಚನ್ನು ಹದಿನಾರು ಪಾಲು ಮಾಡಿ ಅದರಲ್ಲಿ ಮೂರೂವರೆ ಪಾಲು ಉದ್ದ.

ಈಗ ಒಂದೇ ಒಂದು ತೂತಿನ ಹಿಂದೆ ಹೋಗಿ. ತಗಡಿನ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ರಿವೆಟ್ ಸಾಲಿನ ಉದ್ದಕ್ಕೂ ಸುಲಿಯಬೇಕು. ತಗಡು, ಪಕ್ಕೆಲುಬು ಎರಡನ್ನೂ ಸೇರಿಸಿ ಒಂದು ತೂತು ಬಿಟ್ಟು ಒಂದಕ್ಕೆ ಕ್ಲೀಕೊ ಹಾಕಬೇಕು. ಕ್ಲೀಕೊ ಅಂದರೆ ಇಕ್ಕಳದಲ್ಲಿ ಒತ್ತಿ ತೂರಿಸೋ ಸ್ಪ್ರಿಂಗ್ ಪಿನ್ನು. ಬೆಳ್ಳಿ ಬಣ್ಣದ್ದು 3/32 ತೂತಿಗೆ, ತಾಮ್ರದ ಬಣ್ಣದ್ದು 1/8ಕ್ಕೆ. ಆಮೇಲೆ 40 ನಂಬರಿನ ಡ್ರಿಲ್ ಬಿಟ್‌ನಿಂದ ತೂತನ್ನು ಅಂತಿಮ ಅಳತೆಗೆ ತರಬೇಕು. ಮತ್ತೆ ಎಲ್ಲಾ ಬಿಚ್ಚಬೇಕು. ಪ್ರತಿ ತೂತಿನ ಎರಡೂ ಬದಿಯ ಬರ್, ಅಂದರೆ ಎದ್ದು ನಿಂತ ಚೂಪು ಲೋಹ, ತೆಗೆಯಬೇಕು. ಡಿಂಪಲ್ ಒತ್ತಬೇಕು, ಅಂದರೆ ರಿವೆಟ್ ತಲೆ ಕೂರಲಿ ಅಂತ ತೂತಿನ ಸುತ್ತ ತಗಡನ್ನು 100 ಡಿಗ್ರಿ ಕೋನದಲ್ಲಿ ಪುಟ್ಟ ಬಟ್ಟಲಿನ ಹಾಗೆ ತಗ್ಗಿಸಬೇಕು. ತಿಕ್ಕಿ, ಒರೆಸಿ, ಪ್ರೈಮರ್ ಹೊಡೆದು, ಒಣಗಿದ ಮೇಲೆ ಮತ್ತೆ ಕ್ಲೀಕೊ ಹಾಕಬೇಕು. ಆಗ ರಿವೆಟ್. ಒಂದು ತೂತಿಗೆ ಏಳೆಂಟು ಸಲ ಕೈ. ಅದನ್ನು ಹತ್ತು ಸಾವಿರದಿಂದ ಗುಣಿಸಿ, 1,500ರಿಂದ 2,000 ಗಂಟೆ ಯಾಕೆ ಬೇಕು ಅಂತ ತಾನೇ ಗೊತ್ತಾಗುತ್ತೆ. ವಾರಕ್ಕೆ ಹತ್ತು ಗಂಟೆ ಕೊಟ್ಟರೆ ಮೂರು-ನಾಲ್ಕು ವರ್ಷ.

ಬರ್ ಅಂದರೇನು ಅಂತ ಪೀಣ್ಯದ ಯಾವ ಫಿಟ್ಟರನ್ನು ಕೇಳಿದರೂ ಹೇಳ್ತಾರೆ. ಡ್ರಿಲ್ ಹೊರಬೀಳೋ ಕಡೆ ಲೋಹ ಚೂಪಾಗಿ ಎದ್ದು ನಿಲ್ಲುತ್ತಲ್ಲ, ಅದು. ಕಣ್ಣಿಗೆ ಕಾಣದೆ ಇರಬಹುದು. ಕಿವಿಗೆ ಹಾಕೋ ಹತ್ತಿ ಕಡ್ಡಿಯನ್ನು ತೂತಿನ ಅಂಚಿನ ಮೇಲೆ ಮೆಲ್ಲಗೆ ಆಡಿಸಿ. ಒಂದು ಎಳೆ ಹತ್ತಿ ಸಿಕ್ಕಿಕೊಂಡರೂ ಬರ್ ಇದೆ ಅಂತಲೇ ಅರ್ಥ. ಬಿಟ್ಟರೆ ಏನಾಗುತ್ತೆ? ಎರಡು ತಗಡುಗಳ ಮಧ್ಯೆ ಬರ್ ಉಳಿದರೆ ಅವು ಪೂರ್ತಿ ಅಂಟಿ ಕೂರಲ್ಲ. ರಿವೆಟ್ ಹೊಡೆದಾಗ ಅದರ ಮೈ ಆ ಸಂದಿಗೇ ಉಬ್ಬಿಕೊಳ್ಳುತ್ತೆ, ತಗಡುಗಳು ಶಾಶ್ವತವಾಗಿ ದೂರವೇ ಉಳಿಯುತ್ತವೆ. ಇನ್ನೂ ಕೆಟ್ಟದ್ದು ಡಿಂಪಲ್ ಒತ್ತುವಾಗ. ಆಗ ತೂತಿನ ಅಂಚು ಹಿಗ್ಗುತ್ತೆ, ಅಂಚಿನಲ್ಲಿ ಚೂಪು ಗಾಯ ಇದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತೆ. ಎಳೆತಕ್ಕೆ ಸಿಕ್ಕ ತಗಡಿನಲ್ಲಿ ದುಂಡನೆಯ ತೂತಿನ ಅಂಚಿನ ಮೇಲೆ ಬೀಳೋ ಒತ್ತಡ ಉಳಿದ ಭಾಗದ ಸುಮಾರು ಮೂರು ಪಟ್ಟು. ಬಿರುಕಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ?

ಅತಿಯಾಗಿ ತೆಗೆದರೂ ತಪ್ಪೇ. ಬರ್ ತೆಗೆಯೋ ಬಿಟ್ ಅನ್ನು ಬೆರಳಲ್ಲಿ ಹಗುರವಾಗಿ ಎರಡು ಮೂರು ಸುತ್ತು, ಸಾಕು. ಬ್ಯಾಟರಿ ಡ್ರಿಲ್‌ಗೆ ಸಿಕ್ಕಿಸಿ ಜೋರಾಗಿ ಒತ್ತಿದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ದಪ್ಪದ ತಗಡಿನಲ್ಲಿ ಅಂಚು ಚಾಕುವಿನ ಬಾಯಿಯಂತಾಗುತ್ತೆ. ಆ ಅಂಚೂ ಡಿಂಪಲ್‌ನಲ್ಲಿ ಸೀಳುತ್ತೆ.

ಇದನ್ನು ಹೇಳಿದ ಕೂಡಲೇ ಒಂದು ಉತ್ತರ ಬರುತ್ತೆ: “ಸರ್, ಈಗಿನ ಕಿಟ್‌ಗಳಲ್ಲಿ ಕಂಪ್ಯೂಟರ್ ಮೆಷಿನ್ನೇ ಎಲ್ಲಾ ತೂತನ್ನೂ ಹೊಡೆದಿರುತ್ತೆ, ಅಂತಿಮ ಅಳತೆಗೇ ಇರುತ್ತೆ.” ಇರುತ್ತೆ, ಒಪ್ಪಿದೆ. ತೂತು ಎಲ್ಲಿರಬೇಕು ಅನ್ನೋ ತಲೆನೋವು ಮೆಷಿನ್ ತೆಗೆದಿದೆ, ಅದು ದೊಡ್ಡ ಉಪಕಾರವೇ. ಆದರೆ ಪಂಚ್ ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಹೊರಗೆ ಬರಲೇಬೇಕು. ಹೊರಬಿದ್ದ ಕಡೆ ಬರ್ ಇದ್ದೇ ಇರುತ್ತೆ. ಡ್ರಿಲ್ ಕೆಲಸ ತಪ್ಪಿತು, ಅಂಚಿನ ಕೆಲಸ ತಪ್ಪಲಿಲ್ಲ.

ಇನ್ನೊಂದು ವಾದ ಸ್ವಲ್ಪ ಗಟ್ಟಿ: “ಕೆಟ್ಟ ರಿವೆಟ್ ಇಟ್ಟುಕೊಂಡೇ ಎಷ್ಟೋ ವಿಮಾನಗಳು ವರ್ಷಗಟ್ಟಲೆ ಹಾರ್ತಿವೆ.” ಹೌದು, ಒಂದು ರಿವೆಟ್ ಸರಿಯಿಲ್ಲದಿದ್ದರೆ ವಿಮಾನ ಬೀಳಲ್ಲ. 3/32ರ ರಿವೆಟ್‌ನ ಬಾಲ, ಅಂದರೆ ಹಿಂಬದಿಯಲ್ಲಿ ಚಪ್ಪಟೆಯಾಗೋ ತುದಿ, ಹೊಡೆದ ಮೇಲೆ ಸುಮಾರು 3.6 ಮಿ.ಮೀ. ಅಗಲ, 1.2 ಮಿ.ಮೀ. ಎತ್ತರ ಇರಬೇಕು, ಕೂದಲೆಳೆ ವ್ಯತ್ಯಾಸಕ್ಕೆಲ್ಲ ಅದನ್ನು ಕಿತ್ತರೆ ತೂತು ದೊಡ್ಡದಾಗಿ ಮೊದಲಿಗಿಂತ ಹೆಚ್ಚು ಹಾನಿಯಾಗಬಹುದು. ಬಾಲ ಪಕ್ಕಕ್ಕೆ ಮಲಗಿದ್ದರೆ ಮಾತ್ರ ಕೀಳಲೇಬೇಕು. ತಲೆಯ ನಟ್ಟನಡುವೆ ಡ್ರಿಲ್ ಇಟ್ಟು ತಲೆಯ ಆಳದಷ್ಟೇ ಕೊರೆದು, ಪಂಚ್ ಇಟ್ಟು ತಲೆ ಮುರಿದು, ಹಿಂದೆ ಮರದ ತುಂಡಿನ ಆಸರೆ ಕೊಟ್ಟು ಮೈಯನ್ನು ಹೊರಗೆ ತಟ್ಟಬೇಕು. ಅಷ್ಟರ ಮೇಲೂ ತೂತು ಅಗಲವಾದರೆ ಎನ್‌ಎಎಸ್1097 ಅನ್ನೋ ರಿವೆಟ್ ಇದೆ: ಮೈ 1/8 ಇಂಚು, ತಲೆ ಮಾತ್ರ 3/32ರಷ್ಟೇ. ತಪ್ಪಾಗುತ್ತೆ ಅಂತ ಗೊತ್ತಿದ್ದೇ ದಾರಿ ಇಟ್ಟಿದ್ದಾರೆ. ನನ್ನ ತಕರಾರು ತಪ್ಪಿದ ರಿವೆಟ್ ಬಗ್ಗೆ ಅಲ್ಲವೇ ಅಲ್ಲ. ಅಂಚನ್ನು ನೋಡೋ ಅಭ್ಯಾಸವೇ ಇಲ್ಲದ ಕೈ ಮುಂದೆ ಇಂಧನದ ಪೈಪಿಗೂ ಹೋಗುತ್ತೆ, ಅದರ ಬಗ್ಗೆ.

ಅಲ್ಲಿ ಕ್ಷಮೆ ಇಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿತು. ಅಲ್ಲಿನ ಸಣ್ಣ ವಿಮಾನಗಳಲ್ಲಿ ಇವು ಸುಮಾರು 10 ಶೇಕಡಾ. 2011ರ ಅಪಘಾತಗಳಲ್ಲಿ 15 ಶೇಕಡಾ, ಸಾವು ತಂದ ಅಪಘಾತಗಳಲ್ಲಿ 21 ಶೇಕಡಾ. ಮುಖ್ಯ ಕಾರಣಗಳು ಎರಡು: ಎಂಜಿನ್ ಕೈಕೊಡೋದು, ಹಾರಾಟದಲ್ಲಿ ನಿಯಂತ್ರಣ ತಪ್ಪೋದು.

ಇಂಧನದ ಅಲ್ಯೂಮಿನಿಯಂ ಪೈಪು 3/8 ಇಂಚಿನದು. ಕಟರ್‌ನಲ್ಲಿ ಕತ್ತರಿಸಿದಾಗ ಒಳ ಅಂಚಿಗೆ ಲೋಹ ಮಡಿಚಿಕೊಳ್ಳುತ್ತೆ. ಮತ್ತದೇ ಬರ್. ಅದನ್ನು ತೆಗೆಯದೆ ತುದಿಯನ್ನು ತುತ್ತೂರಿಯ ಬಾಯಿಯ ಹಾಗೆ ಅಗಲಿಸಿದರೆ, ಬಿರುಕು ಅಲ್ಲೇ ಶುರುವಾಗಿ ನಟ್ಟಿನೊಳಗೆ ಅಡಗಿ ಕೂತಿರುತ್ತೆ. ಇಲ್ಲಿ ಕೋನ 37 ಡಿಗ್ರಿ. ಕಾರ್ ಮೆಕ್ಯಾನಿಕ್ ಹತ್ತಿರ ಇರೋ ಸಾಧನ 45 ಡಿಗ್ರಿಯದು, ಅದನ್ನು ಎರವಲು ತರಲೇಬೇಡಿ. ಆ ಜೋಡಣೆಗೆ ಟೆಫ್ಲಾನ್ ಟೇಪನ್ನೂ ಸುತ್ತಬೇಡಿ. ಲೋಹಕ್ಕೆ ಲೋಹ ಕೂತೇ ಸೋರಿಕೆ ನಿಲ್ಲಬೇಕು, ಟೇಪಿನ ಚೂರು ಹರಿದು ಹೋದರೆ ಇಂಧನದ ದಾರಿಗೇ ಅಡ್ಡ.

ಇಂಧನದ ಟ್ಯಾಂಕಿಗೆ ಸೋರದ ಹಾಗೆ ಬಳಿಯೋ ಸೀಲಂಟ್ ಎರಡು ಭಾಗದ್ದು. ಹತ್ತು ಪಾಲಿಗೆ ಒಂದು ಪಾಲು ಗಟ್ಟಿಕಾರಕ, ಅದೂ ಚಮಚದ ಲೆಕ್ಕವಲ್ಲ, ಗ್ರಾಂ ತಕ್ಕಡಿಯಲ್ಲಿ ತೂಗಿ. ಒಣಗಿದ ಮೇಲೆ ಸೋರಿಕೆ ಪರೀಕ್ಷೆಗೆ ಟ್ಯಾಂಕಿನ ಒಂದು ನಳಿಕೆಗೆ ಬಲೂನ್ ಕಟ್ಟಿ ಮೆಲ್ಲಗೆ ಗಾಳಿ ತುಂಬಿಸ್ತಾರೆ. ಗಾಳಿಯ ಒತ್ತಡ 1 ಪಿಎಸ್‌ಐ ಮೀರಿದರೆ ಟ್ಯಾಂಕೇ ಉಬ್ಬಿ ಹಾಳಾಗುತ್ತೆ, ಬಲೂನ್ ಇರೋದೇ ಅದಕ್ಕೆ. ರಾತ್ರಿ ಚಳಿಗೆ ಬಲೂನ್ ಬಾಡಿದರೆ ಗಾಬರಿ ಬೇಡ, ಬಿಸಿಲೇರಿದಾಗ ಎದ್ದು ಕೂರುತ್ತೆ. ಸೋಪಿನ ನೀರು ಹಚ್ಚಿದ ರಿವೆಟ್ ತಲೆಯ ಪಕ್ಕ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದರೆ ಮಾತ್ರ ಮತ್ತೆ ಕೆಲಸ.

ಕೊನೆಗೆ ಇಂಧನದ ಹರಿವಿನ ಪರೀಕ್ಷೆ. ಮೂಗನ್ನು ಏರು ಹಾರಾಟದ ಕೋನಕ್ಕೆ ಎತ್ತಿ ನಿಲ್ಲಿಸಿ, ಎಂಜಿನ್ ಹತ್ತಿರ ಪೈಪ್ ಬಿಚ್ಚಿ, ಕ್ಯಾನಿಗೆ ಬಿಟ್ಟು ಗಡಿಯಾರ ನೋಡಬೇಕು. ಪಂಪಿದ್ದರೆ ಟೇಕಾಫ್ ಬಳಕೆಯ 125 ಶೇಕಡಾ, ಬರೀ ಗುರುತ್ವದಲ್ಲಿ ಇಳಿಯೋದಾದರೆ 150 ಶೇಕಡಾ ಬರಬೇಕು. 180 ಅಶ್ವಶಕ್ತಿಯ ಎಂಜಿನ್‌ಗೆ ಗಂಟೆಗೆ ಸುಮಾರು 57 ಲೀಟರ್ ಲೆಕ್ಕ ಹಿಡಿದರೆ, ಪಂಪಿನಲ್ಲಿ ನಿಮಿಷಕ್ಕೆ 1.2 ಲೀಟರ್. ಆ ಕ್ಯಾನಿನ ತಳದಲ್ಲಿ ಏನು ಕೂತಿದೆ ನೋಡಿ. ಡ್ರಿಲ್ ಚೂರು, ಸೀಲಂಟಿನ ಚಕ್ಕೆ. ತೂತಿನ ಅಂಚನ್ನು ಲೆಕ್ಕಕ್ಕೇ ಇಡದವರ ಟ್ಯಾಂಕಿನಿಂದ ಬರೋದು ಇದೇ.

“ಸರ್ಕಾರದವರು ಬಂದು ನೋಡ್ತಾರಲ್ಲ” ಅಂತ ಒಬ್ಬರು ಬರೆದಿದ್ದಾರೆ. ಬರ್ತಾರೆ, ಎಲ್ಲಾ ಮುಗಿದ ಮೇಲೆ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮದ ಪ್ರಕಾರ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲು ಹವ್ಯಾಸಿಗಳೇ ತಮ್ಮ ಕಲಿಕೆಗೆ ಅಥವಾ ಖುಷಿಗೆ ಮಾಡಿರಬೇಕು. ಅದಕ್ಕೆ ಸಾಕ್ಷಿ ಫೋಟೊ ಮತ್ತು ದಿನಚರಿ. ರೆಕ್ಕೆಯ ತಗಡು ಮುಚ್ಚಿದ ಮೇಲೆ ಒಳಗಿನ ತೂತುಗಳನ್ನು ಯಾವ ಇನ್‌ಸ್ಪೆಕ್ಟರೂ ನೋಡೋಕಾಗಲ್ಲ. ಅದಕ್ಕೇ ಅಲ್ಲಿನ ಹವ್ಯಾಸಿ ವಿಮಾನ ಕಟ್ಟೋರ ಇಎಎ ಸಂಘದ ಅನುಭವಿ ಸ್ವಯಂಸೇವಕರು ಮುಚ್ಚೋ ಮೊದಲು ಮನೆಗೆ ಬಂದು ನೋಡಿ ಹೋಗ್ತಾರೆ, ದುಡ್ಡು ತಗೊಳ್ಳಲ್ಲ. ವಿಮಾನ ಮುಗಿದ ಮೇಲೂ ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆ ಪರೀಕ್ಷಾ ಹಾರಾಟ, ಪ್ರಯಾಣಿಕರನ್ನು ಕೂರಿಸೋ ಹಾಗಿಲ್ಲ. ಅದು ಹವ್ಯಾಸಿ ಕಟ್ಟಿದ್ದು, ಮಾಮೂಲಿ ವಿಮಾನದ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಅಂತ ಕಾಕ್‌ಪಿಟ್‌ನಲ್ಲೇ ಬರೆದಿರಬೇಕು.

ನಮ್ಮವರಿಗೆ ಇದು ದೂರದ ಮಾತೂ ಅಲ್ಲ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಕಿಟ್‌ಗಳನ್ನು ಬ್ರಿಟನ್ನಿನ ಹವ್ಯಾಸಿಗಳು ಮನೆಯಲ್ಲಿ ಕಟ್ಟಿ ಹಾರಿಸಿದ್ದಾರೆ. ಅದು ಅಲ್ಯೂಮಿನಿಯಂ ಕೊಳವೆ, ಬೋಲ್ಟು, ಮೇಲೆ ಡೇಕ್ರಾನ್ ಬಟ್ಟೆ. ಅಲ್ಲಿ ರಿವೆಟ್ ಸಾಲಿಲ್ಲ, ಆದರೆ ಕೊಳವೆಯ ತೂತಿಗೂ ಅಂಚಿದೆ.

ನಿಜವಾಗಿ ಆಸೆ ಇದ್ದವರಿಗೆ ಒಂದು ಮಾತು. ಕಿಟ್‌ಗೆ ದುಡ್ಡು ಕಟ್ಟೋ ಮೊದಲು ಎರಡು ಅಲ್ಯೂಮಿನಿಯಂ ಪಟ್ಟಿ, ನೂರು ರಿವೆಟ್ ತಗೊಳ್ಳಿ. ಪಟ್ಟಿಯ ಅಂಚಿನಿಂದ ತೂತಿನ ನಡುವಿಗೆ ರಿವೆಟ್ ವ್ಯಾಸದ ಎರಡು ಪಟ್ಟಾದರೂ ಜಾಗ ಬಿಟ್ಟು ಗುರುತು ಹಾಕಿ. ಐವತ್ತು ತೂತಿನ ಬರ್ ತೆಗೆದು, ಐವತ್ತರದ್ದು ಹಾಗೇ ಬಿಟ್ಟು, ಎಲ್ಲಕ್ಕೂ ಡಿಂಪಲ್ ಒತ್ತಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಭೂತಗನ್ನಡಿ ಹಿಡಿದು ಎರಡೂ ಸಾಲು ನೋಡಿ. ಆಮೇಲೆ ರಿವೆಟ್ ಹೊಡೆದು, ಅದರಲ್ಲಿ ಹತ್ತನ್ನು ತೂತು ಕೆಡದ ಹಾಗೆ ಕಿತ್ತು ತೆಗೆಯಿರಿ. ಆ ಪಟ್ಟಿಯ ಫೋಟೊ ಕಳಿಸಿ, ಎಷ್ಟು ಹೊತ್ತಾದರೂ ಕೂತು ನೋಡಿ ಉತ್ತರ ಬರೀತೀನಿ. ಆ ವಿಡಿಯೊ ಮಾತ್ರ ಇನ್ನೊಂದು ಸಲ ಕಳಿಸಬೇಡಿ.