ಸತ್ಯಾಂಶ: 240 ವೋಲ್ಟ್ ಎಂದು ಬರೆದಿದ್ದರೆ ಬಿಲ್ ಜಾಸ್ತಿ ಬರುತ್ತದೆಯೇ?

'220 ವೋಲ್ಟ್ ಎಂದಿರುವ ಸಾಮಾನನ್ನೇ ಕೊಳ್ಳಿ, 240 ಇದ್ದರೆ ಬಿಲ್ ಜಾಸ್ತಿ' ಎನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಅದು ಸರಿಯಲ್ಲ. ಸಾಮಾನು ಎಂಥ ಸಪ್ಲೈಗೆ ಹೊಂದುತ್ತದೆ ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ನಮ್ಮ ಮನೆಗಳಿಗೆ ಬರುವುದು ಸುಮಾರು 230 ವೋಲ್ಟ್. ಅದೂ ದಿನವಿಡೀ ಒಂದೇ ಸಮ ಇರುವುದಿಲ್ಲ.

ಬಿಲ್ಲಿನ ಚಿಂತೆ ಇದ್ದರೆ ವ್ಯಾಟ್ ನೋಡಿ. 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆಯಲ್ಲಿ 1 ಯೂನಿಟ್ ಮುಗಿಸುತ್ತದೆ. 10 ವ್ಯಾಟ್‌ನ ಬಲ್ಬಿಗೆ ಅಷ್ಟಕ್ಕೆ 100 ಗಂಟೆ ಬೇಕು. ಎರಡರ ಮೇಲೂ 240 ವೋಲ್ಟ್ ಎಂದೇ ಇರಬಹುದು, ಅಲ್ವಾ?

ನೀವೇ ನೋಡಬಹುದು. ಪ್ಲಗ್ ಕಿತ್ತು, ಮಿಕ್ಸಿಯ ಬುಡದಲ್ಲಿರುವ ಚೀಟಿ ಓದಿ. (ಅಕ್ಷರ ತೀರಾ ಸಣ್ಣದು, ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ.) ವ್ಯಾಟನ್ನು ಓಡಿದ ಗಂಟೆಗಳಿಂದ ಗುಣಿಸಿ, 1000ದಿಂದ ಭಾಗಿಸಿದರೆ ಹೆಚ್ಚುಕಡಿಮೆ ಎಷ್ಟು ಯೂನಿಟ್ ಎಂದು ಗೊತ್ತಾಗುತ್ತದೆ.

ಹಾಗಂತ ವೋಲ್ಟ್ ಅಂಕಿ ಸುಮ್ನೆ ಇಲ್ಲ. ಅಮೆರಿಕದಿಂದ ಮಗಳು ತಂದ ಮಿಕ್ಸಿಯಲ್ಲಿ ಬರೀ 120 ಎಂದಿದ್ದರೆ ಇಲ್ಲಿ ನೇರವಾಗಿ ಪ್ಲಗ್‌ಗೆ ಹಾಕಬೇಡಿ, ಸುಟ್ಟುಹೋಗುತ್ತದೆ. ಚಾರ್ಜರ್ ಮೇಲೆ 100-240 ಎಂದಿದ್ದರೆ ಎರಡೂ ಕಡೆ ನಡೆಯುತ್ತದೆ.