ಕೊಂದ ಮೇಲೆ ಕೇಳಿದ ಪ್ರಶ್ನೆ

ರೋಮ್ ಮತ್ತು ಆದಿ ಕ್ರೈಸ್ತರು ಅಂದ ಕೂಡಲೇ ಸಿಂಹ, ಅಖಾಡ, ಕಿರುಚುವ ಜನ, ಮೇಲೆ ಕೂತ ನೀರೋ ನೆನಪಾಗುತ್ತಾರೆ. ಸಿನಿಮಾಗಳ ಪ್ರಭಾವ. ನನ್ನನ್ನು ಕಾಡುವ ಚಿತ್ರ ಬೇರೆ. ಅಲ್ಲಿ ಸಿಂಹ ಇಲ್ಲ. ಒಂದು ಕಚೇರಿ ಇದೆ, ಒಂದು ಫೈಲು ಇದೆ, ಒಬ್ಬ ಒಳ್ಳೆಯ ಅಧಿಕಾರಿ ಇದ್ದಾನೆ.

ಒಳ್ಳೆಯ ಅಂತ ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಕಿರಿಯ ಪ್ಲಿನಿ ಹೆಸರು ಮಾಡಿದ ವಕೀಲ. ತನ್ನ ಹುಟ್ಟೂರು ಕೋಮೊಗೆ ಸ್ವಂತ ದುಡ್ಡಿನಲ್ಲಿ ಗ್ರಂಥಾಲಯ ಕೊಟ್ಟವನು. ಸುಮಾರು ಕ್ರಿ.ಶ. 110ರ ಹೊತ್ತಿಗೆ ಚಕ್ರವರ್ತಿ ಟ್ರಾಜನ್ ಅವನನ್ನು ಬಿಥಿನಿಯಾ-ಪೊಂಟಸ್ ಪ್ರಾಂತ್ಯಕ್ಕೆ, ಅಂದರೆ ಈಗಿನ ಟರ್ಕಿಯ ಕಪ್ಪು ಸಮುದ್ರದ ಕಡೆಗೆ, ಅಧಿಕಾರಿಯಾಗಿ ಕಳಿಸಿದ. ಪುಣ್ಯಾತ್ಮ ಎಲ್ಲದಕ್ಕೂ ಮೇಲಿನವರ ಅಪ್ಪಣೆ ಕೇಳುವ ಪೈಕಿ. ಆ ಪ್ರಾಂತ್ಯದ ನಿಕೊಮೀಡಿಯಾ ಊರಿನಲ್ಲಿ ದೊಡ್ಡ ಬೆಂಕಿ ಬಿತ್ತು. 150 ಜನರ ಅಗ್ನಿಶಾಮಕ ದಳ ಕಟ್ಟಲೇ ಅಂತ ಬರೆದ. ಟ್ರಾಜನ್ ಬೇಡ ಅಂದ. ಯಾವ ಹೆಸರಲ್ಲಿ ಜನ ಸೇರಿದರೂ ಕೊನೆಗೆ ಅದು ರಾಜಕೀಯದ ಗುಂಪಾಗುತ್ತದೆ ಅನ್ನುವುದು ಅವನ ಭಯ. ಬೆಂಕಿ ಆರಿಸಲು ಸೇರುವವರ ಮೇಲೇ ಅನುಮಾನ ಇದ್ದ ಮೇಲೆ, ಬೆಳಗಿನ ಜಾವ ಸೇರಿ ಹಾಡು ಹೇಳುವವರ ಗತಿ ಏನು?

ಆ ಹಾಡು ಹೇಳುವವರ, ಅಂದರೆ ಕ್ರೈಸ್ತರ ಬಗ್ಗೆ ಪ್ಲಿನಿ ಟ್ರಾಜನ್‌ಗೆ ಬರೆದ ಕಾಗದ ಇವತ್ತಿಗೂ ಉಳಿದಿದೆ. ಓದುವಾಗ ಅದರ ಕ್ರಮವನ್ನು ಗಮನಿಸಿ. ನನಗೆ ಮೈ ಜುಂ ಅಂದಿದ್ದು ಆ ಕ್ರಮಕ್ಕೆ.

ಮೊದಲಿಗೆ, ಕ್ರೈಸ್ತರ ವಿಚಾರಣೆಯಲ್ಲಿ ತಾನು ಯಾವತ್ತೂ ಭಾಗವಹಿಸಿಲ್ಲ ಅನ್ನುತ್ತಾನೆ. ಏನು ವಿಚಾರಿಸಬೇಕು, ಎಷ್ಟು ಶಿಕ್ಷಿಸಬೇಕು, ಗೊತ್ತಿಲ್ಲ. ಚಿಕ್ಕವರಿಗೆ ರಿಯಾಯಿತಿ ಉಂಟೇ? ಬಿಟ್ಟುಬಿಟ್ಟೆ ಅಂದವರಿಗೆ ಕ್ಷಮೆ ಉಂಟೇ? ಶಿಕ್ಷೆ ಕೊಡಬೇಕಾಗಿರುವುದು 'ಕ್ರೈಸ್ತ' ಅನ್ನುವ ಬರೀ ಹೆಸರಿಗೋ, ಆ ಹೆಸರಿಗೆ ಅಂಟಿಕೊಂಡ ಅಪರಾಧಗಳಿಗೋ?

ಒಳ್ಳೆಯ ಪ್ರಶ್ನೆ. ವಕೀಲ ಕೇಳಬೇಕಾದ ಪ್ರಶ್ನೆ. ಆದರೆ ಇದುವರೆಗೆ ಏನು ಮಾಡಿದೆಯಪ್ಪಾ ಅಂತ ನೋಡಿದರೆ, ಉತ್ತರ ತಣ್ಣಗೆ ಮುಂದಿನ ಸಾಲುಗಳಲ್ಲೇ ಇದೆ. ನೀನು ಕ್ರೈಸ್ತನೇ ಅಂತ ಕೇಳಿದೆ. ಹೌದು ಅಂದರೆ ಶಿಕ್ಷೆಯ ಬೆದರಿಕೆ ಹಾಕಿ ಎರಡನೇ ಸಲ, ಮೂರನೇ ಸಲ ಕೇಳಿದೆ. ಆಗಲೂ ಹೌದು ಅಂದವರನ್ನು ಕೊಲ್ಲಲು ಕಳಿಸಿದೆ. ಅವರಲ್ಲಿ ರೋಮ್ ಪೌರರಾಗಿದ್ದವರನ್ನು ರೋಮ್‌ಗೆ ರವಾನಿಸಲು ಬರೆದಿಟ್ಟೆ. ಅವರು ಒಪ್ಪಿಕೊಂಡಿದ್ದು ಏನೇ ಇರಲಿ, ಆ ಮೊಂಡುತನಕ್ಕಂತೂ ಶಿಕ್ಷೆ ಆಗಲೇಬೇಕು.

ಅಂದರೆ ತಲೆ ಉರುಳಿದ್ದು ಮೊದಲು. ತಪ್ಪು ಯಾವುದು ಅನ್ನುವ ಪ್ರಶ್ನೆ ಆಮೇಲೆ.

ವಿಚಾರಣೆ ಶುರುವಾದರೆ ಸುದ್ದಿ ಹಬ್ಬುತ್ತದೆ, ಅಲ್ವಾ? ಯಾರೋ ಒಂದು ಮೂಗರ್ಜಿ ಹಾಕಿದರು. ಅದರಲ್ಲಿ ಹೆಸರುಗಳ ದೊಡ್ಡ ಪಟ್ಟಿ. ಪ್ಲಿನಿ ಪರೀಕ್ಷೆ ಇಟ್ಟ. ದೇವರುಗಳನ್ನು ಸ್ತುತಿಸು. ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕು, ದ್ರಾಕ್ಷಾರಸ ಅರ್ಪಿಸು. ಕ್ರಿಸ್ತನನ್ನು ಬೈಯಿ. ಮಾಡಿದವರು ಮನೆಗೆ ಹೋದರು. ಕೆಲವರು 'ಹಿಂದೆ ಇದ್ದೆವು, ಈಗಿಲ್ಲ' ಅಂದರು. ಒಬ್ಬಿಬ್ಬರು ಬಿಟ್ಟು 25 ವರ್ಷವೇ ಆಗಿತ್ತಂತೆ.

ಹಾಗಾದರೆ ಅಲ್ಲಿ ಏನು ಮಾಡುತ್ತಿದ್ದಿರಿ? ಅವರ ಹೇಳಿಕೆ ಹೀಗಿದೆ. ಗೊತ್ತಾದ ಒಂದು ದಿನ ಸೂರ್ಯ ಹುಟ್ಟುವ ಮೊದಲು ಸೇರುತ್ತಿದ್ದೆವು. ಕ್ರಿಸ್ತನನ್ನು ದೇವರೆಂದು ಹಾಡುತ್ತಿದ್ದೆವು. ಕದಿಯುವುದಿಲ್ಲ, ದರೋಡೆ ಮಾಡುವುದಿಲ್ಲ, ಹಾದರ ಮಾಡುವುದಿಲ್ಲ, ಮಾತಿಗೆ ತಪ್ಪುವುದಿಲ್ಲ, ನಂಬಿ ಕೊಟ್ಟ ಗಂಟನ್ನು ನುಂಗುವುದಿಲ್ಲ ಅಂತ ಆಣೆ ಮಾಡುತ್ತಿದ್ದೆವು. ಆಮೇಲೆ ಮತ್ತೆ ಸೇರಿ ಊಟ, ಎಲ್ಲರೂ ಉಣ್ಣುವಂಥ ಸಾದಾ ಊಟ. ಸಂಘಗಳನ್ನು ನೀವು ನಿಷೇಧಿಸಿದ ಮೇಲೆ ಅದನ್ನೂ ನಿಲ್ಲಿಸಿದೆವು.

ನಂಬಿಕೆ ಬರಲಿಲ್ಲ ಇವನಿಗೆ. ಇಬ್ಬರು ದಾಸಿಯರನ್ನು ಹಿಡಿಸಿ ಚಿತ್ರಹಿಂಸೆ ಕೊಡಿಸಿದ. ಅವರನ್ನು ಆ ಗುಂಪಿನಲ್ಲಿ 'ಸೇವಕಿಯರು' ಅಂತ ಕರೆಯುತ್ತಿದ್ದರಂತೆ. ಸಭೆಯಲ್ಲಿ ಏನೋ ಜವಾಬ್ದಾರಿ ಇದ್ದವರು. ಅವರಿಂದ ಹೊರಟಿದ್ದು ಅತಿಯಾದ ಕೆಟ್ಟ ಮೂಢನಂಬಿಕೆ ಮಾತ್ರ, ಬೇರೇನೂ ಸಿಗಲಿಲ್ಲ ಅಂತ ಪ್ಲಿನಿಯೇ ಬರೆಯುತ್ತಾನೆ. ಅಪರಾಧ ಸಿಗಲಿಲ್ಲ. ಹಾಗಾದರೆ ಮೊದಲು ಕಳಿಸಿದವರು ಸತ್ತಿದ್ದು ಯಾಕೆ? ಆ ಪ್ರಶ್ನೆ ಅವನ ತಲೆಗೆ ಬಂದ ಗುರುತೇ ಕಾಗದದಲ್ಲಿ ಇಲ್ಲ.

ಕೊನೆಯಲ್ಲಿ ಒಂದು ತಮಾಷೆಯ ಸಂಗತಿ ಇದೆ. ಖಾಲಿ ಹೊಡೆಯುತ್ತಿದ್ದ ಗುಡಿಗಳಿಗೆ ಜನ ಬರುತ್ತಿದ್ದಾರೆ, ಕೊಳ್ಳುವವರೇ ಇಲ್ಲದಿದ್ದ ಬಲಿಯ ಮಾಂಸ ಮತ್ತೆ ಮಾರಾಟವಾಗುತ್ತಿದೆ ಅಂತ ವರದಿ. ಮೂಗರ್ಜಿ ಹಾಕಿದವರು ವ್ಯಾಪಾರ ಬಿದ್ದುಹೋದ ಮಾಂಸದವರೇ ಇರಬೇಕು ಅಂತ ನನ್ನ ಗುಮಾನಿ. ಸುಮ್ನೆ ಊಹೆ, ಸಾಕ್ಷಿ ಇಲ್ಲ.

ಟ್ರಾಜನ್‌ನ ಉತ್ತರ ಚಿಕ್ಕದು. ಅವರನ್ನು ಹುಡುಕಿಕೊಂಡು ಹೋಗಬೇಡ. ಯಾರಾದರೂ ದೂರು ತಂದು ಅದು ಸಾಬೀತಾದರೆ ಶಿಕ್ಷಿಸು. ಅಲ್ಲ ಅಂದು ನಮ್ಮ ದೇವರುಗಳಿಗೆ ಕೈ ಮುಗಿದರೆ ಬಿಡು. ಮೂಗರ್ಜಿಗೆ ಬೆಲೆ ಕೊಡಬೇಡ, ಅದು ಕೆಟ್ಟ ಮೇಲ್ಪಂಕ್ತಿ, ನಮ್ಮ ಕಾಲಕ್ಕೆ ತಕ್ಕದ್ದಲ್ಲ. ಈ ಕೊನೆಯ ಮಾತಿಗೆ ಟ್ರಾಜನ್‌ಗೆ ನನ್ನದೊಂದು ಸಲಾಂ. ಉಳಿದಿದ್ದರಲ್ಲಿ ಒಂದು ದೊಡ್ಡ ಬಿರುಕಿದೆ. ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಸುಮಾರು 197ರಲ್ಲಿ ಅಲ್ಲಿಗೇ ಬೆರಳಿಟ್ಟ. ನಿರಪರಾಧಿ ಅಂತ ಹುಡುಕುವುದು ಬೇಡ, ಅಪರಾಧಿ ಅಂತ ಶಿಕ್ಷಿಸಬೇಕು, ಇದೆಂಥ ನ್ಯಾಯ? ಬೇರೆ ಆರೋಪಿಗಳಿಗೆ 'ಮಾಡಿದೆ' ಅನ್ನುವ ತನಕ ಹಿಂಸೆ, ನಮಗೆ ಮಾತ್ರ 'ಅಲ್ಲ' ಅನ್ನುವ ತನಕ ಹಿಂಸೆ ಅಂತ ಅವನ ದೂರು. ಕಳ್ಳ ಇನ್ನು ಕದಿಯಲ್ಲ ಅಂದರೆ ಯಾವ ಕೋರ್ಟೂ ಬಿಡಲ್ಲ. ಇಲ್ಲಿ ಚಿಟಿಕೆ ಧೂಪ ಹಾಕಿದರೆ ಕೇಸೇ ಮುಗಿಯಿತು!

ಒಂದು ಮಾತು ಹೇಳಬೇಕು. ಮುನ್ನೂರು ವರ್ಷ ಬಿಡದೆ ಬೇಟೆಯಾಡಿದರು ಅನ್ನುವುದು ನಿಜವಲ್ಲ. ಮೊದಲೆಲ್ಲ ನಡೆದಿದ್ದು ಅಲ್ಲಲ್ಲಿ, ಆಗಾಗ, ಜಾಸ್ತಿ ನೆರೆಹೊರೆಯವರ ದೂರಿನಿಂದ. ಸಾಮ್ರಾಜ್ಯದ ಎಲ್ಲರೂ ಬಲಿ ಕೊಡಬೇಕೆಂದು ಚಕ್ರವರ್ತಿ ಡೀಸಿಯಸ್ ಆಜ್ಞೆ ಹೊರಡಿಸಿದ್ದು ಕ್ರಿ.ಶ. 250ರ ಆಸುಪಾಸಿನಲ್ಲಿ. ಬಲಿ ಕೊಟ್ಟಿದ್ದಕ್ಕೆ ಸರ್ಟಿಫಿಕೇಟ್ ಬೇರೆ. ಅಂಥವು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ.

ಕಟಕಟೆಯ ಆಚೆ ನಿಂತವರ ಮಾತು ಬೇಕಾದರೆ ಕಾರ್ಥೇಜಿಗೆ ಬನ್ನಿ. 180ರ ಜುಲೈ 17. ಸ್ಕಿಲ್ಲಿಯಂ ಅನ್ನುವ ಊರಿನವರು ಪ್ರಾಂತಾಧಿಕಾರಿ ಸತುರ್ನಿನಸ್ ಮುಂದೆ ನಿಂತಿದ್ದಾರೆ. ಐದು ನಿಮಿಷದಲ್ಲಿ ಓದಿ ಮುಗಿಸಬಹುದಾದ ದಾಖಲೆ ಅದು. ಅವರಲ್ಲಿ ಸ್ಪೆರಾಟಸ್ ಅನ್ನುವವನು ಹೇಳುತ್ತಾನೆ, ನಾನು ಕದ್ದಿಲ್ಲ, ಏನಾದರೂ ಕೊಂಡರೆ ತೆರಿಗೆ ಕಟ್ಟುತ್ತೇನೆ. ಸಾವಿನ ಮುಂದೆ ನಿಂತು ಸುಂಕದ ಮಾತು! ನಿನ್ನ ಪೆಟ್ಟಿಗೆಯಲ್ಲಿ ಏನಿದೆ ಅಂದರೆ ಪುಸ್ತಕಗಳು, ಪೌಲನೆಂಬ ನ್ಯಾಯವಂತನ ಪತ್ರಗಳು ಅನ್ನುತ್ತಾನೆ. ಸತುರ್ನಿನಸ್ ಯೋಚಿಸಲು 30 ದಿನ ಕೊಡುತ್ತೇನೆ ಅನ್ನುತ್ತಾನೆ. ಯೋಚಿಸಲು ಇದರಲ್ಲೇನಿದೆ ಅಂತ ಅವರು ಬೇಡ ಅಂದರು. ಕತ್ತಿಗೆ ಆಜ್ಞೆಯಾಯಿತು.

ಇಂಥವರನ್ನು ನಮ್ಮ ಚರ್ಚ್‌ಗಳಲ್ಲಿ 'ರಕ್ತಸಾಕ್ಷಿ' ಅನ್ನುತ್ತಾರೆ. ನನಗೆ 'ಹುತಾತ್ಮ'ಕ್ಕಿಂತ ಈ ಪದ ಇಷ್ಟ. ಗ್ರೀಕಿನ ಮೂಲ ಪದಕ್ಕೂ ಕೋರ್ಟಿನಲ್ಲಿ ಸಾಕ್ಷಿ ಹೇಳುವವನು ಅಂತಲೇ ಅರ್ಥ. ಕಟಕಟೆ ಆ ಪದದಲ್ಲಿ ಉಳಿದುಕೊಂಡಿದೆ.

ಮತ್ತೆ ಟ್ರಾಜನ್‌ನ ಕಾಗದ ತೆಗೆದು ನೋಡಿದೆ. ಶುರುವಿನಲ್ಲೇ, ನನ್ನ ಪ್ರಿಯ ಸೆಕುಂಡಸ್ (ಪ್ಲಿನಿಯ ಇನ್ನೊಂದು ಹೆಸರು), ನೀನು ನಡೆದುಕೊಂಡ ರೀತಿ ಸರಿಯಾಗಿದೆ ಅಂತಿದೆ. ಸತ್ತವರು ಎಷ್ಟು ಜನ ಅಂತ ಪ್ಲಿನಿ ಬರೆದಿರಲಿಲ್ಲ. ಚಕ್ರವರ್ತಿಯೂ ಕೇಳಲಿಲ್ಲ. ಆ ಇಬ್ಬರು ದಾಸಿಯರ ಬಗ್ಗೆ ಒಂದಕ್ಷರವೂ ಇಲ್ಲ.